ಸೊಸೈಟಿಯ ಹಿತ್ತಲ ತೋಟ ಉಳಿಯಬೇಕಾದರೆ ಕೀಲಿಕೈ ಯಾರ ಹತ್ತಿರ ಇರಬೇಕು?

ಮುಲುಂಡ್ ಹಿತ್ತಲು:

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆ ಹತ್ತಿರ ಬಂತು. ಸೆಪ್ಟೆಂಬರ್ 30ರೊಳಗೆ ಆಗಲೇಬೇಕೆಂದು ಕಾನೂನಿದೆಯಲ್ಲ. ಈ ಸಲದ ಅಜೆಂಡಾದಲ್ಲಿ ಎರಡು ಠರಾವು ಎದುರುಬದುರಾಗಿವೆ. ಬಿ ವಿಂಗಿನ ಹಿಂದಿನ ಪಟ್ಟಿ ಜಾಗದಲ್ಲಿ ನಾವು ಮಾಡುತ್ತಿರುವ ತೋಟವನ್ನು ಸೊಸೈಟಿಯ ತೋಟವೆಂದು ಒಪ್ಪಬೇಕು ಎನ್ನುವುದು ಒಂದು. ಅದೇ ಜಾಗಕ್ಕೆ ಪೇವರ್ ಬ್ಲಾಕ್ ಹಾಕಿಸಿ ಕಾರು ನಿಲ್ಲಿಸಲು ಕೊಡಬೇಕು ಎನ್ನುವುದು ಇನ್ನೊಂದು. ಮುಂಬಯಿ, ಥಾಣೆ, ಪುಣೆಯ ಕಡೆ ಇಂಥ ತೋಟ ನಡೆಸುತ್ತಿರುವವರು, ನಡೆಸಿ ಕೈಬಿಟ್ಟವರು ಇದ್ದರೆ ದಯವಿಟ್ಟು ಬರೆಯಿರಿ. ಸಭೆಯಲ್ಲಿ ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ.

ಆ ಜಾಗದಲ್ಲಿ ಮೊದಲು ಒಡೆದ ಟೈಲ್ಸ್, ಹಳೆಯ ಬಾಗಿಲ ಚೌಕಟ್ಟು, ಗಣಪತಿ ಮಂಟಪದ ಬಿದಿರು ಬಿದ್ದುಕೊಂಡಿದ್ದವು. ಈಗ ಹರಿವೆ, ಮೂಲಂಗಿ, ಬೆಂಡೆ, ಕಂಪೌಂಡ್ ಗೋಡೆಯುದ್ದಕ್ಕೂ ಬಸಳೆ ಚಪ್ಪರ, ನೀರು ಇಂಗದ ಮೂಲೆಯಲ್ಲಿ ಕೆಸು. ಶ್ರಾವಣ ಬಂತೆಂದರೆ ಎಲ್ಲರ ಕಣ್ಣೂ ಆ ಕೆಸುವಿನ ಮೇಲೆ. ನಮ್ಮ ಮನೆಯಲ್ಲಿ ಪತ್ರೊಡೆ, ಎದುರು ಮನೆಯ ಕಾಕೂ ಅಳೂವಡಿ, ಮೂರನೇ ಮಹಡಿಯ ಗುಜರಾತಿ ಬೆನ್ ಮನೆಯಲ್ಲಿ ಪಾತ್ರಾ. ವರ್ಷಗಟ್ಟಲೆ ಲಿಫ್ಟಿನಲ್ಲಿ ತಲೆ ಆಡಿಸಿ ಸುಮ್ಮನಾಗುತ್ತಿದ್ದವರು ಈಗ ನಿಂತು, ಎಲೆಯ ತುರಿಕೆಗೆ ಹುಣಸೆ ಎಷ್ಟು ಹಾಕಬೇಕೆಂದು ಮಾತಾಡುತ್ತಾರೆ.

ನನಗೆ ಮುಖ್ಯವಾಗಿ ಕಾಣುವುದು ಹುಡುಗರ ವಿಷಯ. ದೊಡ್ಡವರು ಹೇಳುವುದು, ಮಕ್ಕಳು ಬುಟ್ಟಿ ಹೊರುವುದು ಎಂಬ ಏರ್ಪಾಡು ಇರುವಲ್ಲಿ ಮಕ್ಕಳು ನಿಲ್ಲುವುದಿಲ್ಲ. ನಮ್ಮಲ್ಲಿ ಒಂಬತ್ತನೇ ಕ್ಲಾಸಿನಿಂದ ಕಾಲೇಜಿನವರೆಗಿನ ಹುಡುಗ ಹುಡುಗಿಯರು ನಿಂತಿದ್ದಾರೆ. ಕಾರಣ ಇಷ್ಟೇ: ಸಾಮಾನಿನ ಕೋಣೆಯ ಕೀಲಿಕೈ ಅವರ ಹತ್ತಿರ ಇದೆ, ಬೀಜ ತರುವ ದುಡ್ಡು ಅವರ ಕೈಯಲ್ಲಿದೆ, ಯಾವ ಮಡಿಯಲ್ಲಿ ಏನು ಹಾಕಬೇಕೆಂದು ಅವರೇ ತೀರ್ಮಾನಿಸುತ್ತಾರೆ. ಠರಾವಿನಲ್ಲಿ ಇದನ್ನೂ ಬರೆಸಬೇಕೆಂದು ನನ್ನ ಹಠ. ಕಮಿಟಿಯ ಕೆಲವರು ತೋಟಕ್ಕೆ ಒಪ್ಪುತ್ತಾರೆ, ಕೀಲಿಕೈಗೆ ಒಪ್ಪುವುದಿಲ್ಲ.

ಮುಂಬಯಿಯಲ್ಲಿ ಇದೆಲ್ಲ ನಡೆಯುವ ಮಾತೇ ಎಂದು ಕೇಳುವವರಿಗೆ ನಾನು ಹೇಳುವುದು ಮುಂಬಯಿ ಬಂದರು ನಡೆಸುವ ಪೋರ್ಟ್ ಟ್ರಸ್ಟಿನ ಕ್ಯಾಂಟೀನಿನ ಕತೆ. 2000ರ ದಶಕದ ಆರಂಭದಲ್ಲಿ ಅಲ್ಲಿನ ಕ್ಯಾಂಟೀನು ನೋಡಿಕೊಳ್ಳುತ್ತಿದ್ದ ಪ್ರೀತಿ ಪಾಟೀಲ್ ಅವರಿಗೆ ದಿನದಿನದ ಅಡುಗೆಮನೆ ಕಸವೇ ದೊಡ್ಡ ತಲೆನೋವಾಗಿತ್ತು. ಅದನ್ನು ಗೊಬ್ಬರ ಮಾಡುತ್ತ ಮಾಡುತ್ತ ಕ್ಯಾಂಟೀನಿನ ತಾರಸಿಯೇ ತೋಟವಾಯಿತು. ಸೊಪ್ಪು ತರಕಾರಿಯ ಜತೆ ಹಣ್ಣಿನ ಗಿಡವೂ ಬಂದವು. ಮುಂದೆ ನಗರದಲ್ಲಿ ತೋಟ ಮಾಡುವವರ ಅರ್ಬನ್ ಲೀವ್ಸ್ ಬಳಗ ಹುಟ್ಟಿದ್ದು ಆ ತಾರಸಿಯಿಂದಲೇ. ಹಡಗುಕಟ್ಟೆಯ ನೆತ್ತಿಯ ಮೇಲೆ ಆದದ್ದು ಮುಲುಂಡಿನ ನೆಲದಲ್ಲಿ ಆಗದೇ?

ಥಾಣೆ ಸಿವಿಲ್:

ಅಕ್ಕ, ನಿಮ್ಮದು ನೆಲದ ಮೇಲಿನ ತೋಟ, ಒಳ್ಳೆಯದಾಯಿತು. ಓದಿದವರು ಯಾರಾದರೂ ಹುರುಪಿನಲ್ಲಿ ತಾರಸಿಗೆ ಲಾರಿ ಮಣ್ಣು ಏರಿಸಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಜನ ಓಡಾಡುವ ತಾರಸಿಗೆ ಐಎಸ್ 875ರಲ್ಲಿ (ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ) ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಮಳೆಯಲ್ಲಿ ನೆನೆದ ಮಣ್ಣು ಘನ ಮೀಟರಿಗೆ ಹತ್ತಿರ ಹತ್ತಿರ 1,800 ಕೆಜಿ ತೂಗುತ್ತದೆ. ಅರ್ಧ ಅಡಿ ಹರಡಿದರೂ ಚದರ ಮೀಟರಿಗೆ 270 ಕೆಜಿ ಆಯಿತು. ಮುಂಬಯಿಯ ಮಳೆಗಾಲ ಸುರಿಸುವುದು 2,000 ಮಿಲಿಮೀಟರಿಗೂ ಹೆಚ್ಚು, ಆ ಮಣ್ಣು ನಾಲ್ಕು ತಿಂಗಳು ಒಣಗುವುದೇ ಇಲ್ಲ. ತಾರಸಿಯಲ್ಲಿ ಮಾಡುವವರು ತರಗೆಲೆ, ತೆಂಗಿನ ನಾರು, ಕಳಿತ ಗೊಬ್ಬರದ ಹಗುರ ಮಿಶ್ರಣ ಬಳಸಬೇಕು. ಕುಂಡಗಳನ್ನು ತೊಲೆ, ಕಂಬಗಳ ನೆತ್ತಿಗೆ ಬರುವಂತೆ ಇಡಬೇಕು. 30 ವರ್ಷ ದಾಟಿದ ಕಟ್ಟಡವಾದರೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ, ಹೇಗೂ ಕಡ್ಡಾಯ, ಅದೇ ಇಂಜಿನಿಯರ್ ಹತ್ತಿರ ಬರಹದಲ್ಲಿ ಕೇಳಿಕೊಳ್ಳಿ.

ನಿಮ್ಮ ಪಟ್ಟಿ ಜಾಗದ ಬಗ್ಗೆ ಒಂದೇ ಪ್ರಶ್ನೆ. ಬೆಂಕಿ ಬಿದ್ದರೆ ಫೈರ್ ಬ್ರಿಗೇಡಿನ ಗಾಡಿ ಒಳಗೆ ಬರುವ ದಾರಿ ಅದೇನಾ? ಹೌದಾದರೆ ಅಲ್ಲಿ ಕಾರೂ ನಿಲ್ಲಬಾರದು, ಚಪ್ಪರವೂ ಏಳಬಾರದು. ಮಂಜೂರಾದ ನಕಾಶೆ ತೆಗೆದು ನೋಡಿ.

ಮುಲುಂಡ್ ಹಿತ್ತಲು:

ನೋಡಿದ್ದೇವೆ ಅಣ್ಣ. ಗಾಡಿ ಬರುವ ದಾರಿ ಎ ವಿಂಗಿನ ಬದಿ. ಹಿಂದಿನದು ಕಿರಿದಾದ ಜಾಗ, ಡ್ರೈನೇಜ್ ಚೇಂಬರಿನ ಸುತ್ತ ಬಿಟ್ಟೇ ಮಡಿ ಮಾಡಿದ್ದೇವೆ.

ಕಮಿಟಿ ಮನುಷ್ಯ, ಭಾಂಡುಪ್:

ನಾನು ಬೇರೆ ಸೊಸೈಟಿಯವನು, ಆದರೆ ಕಮಿಟಿಯ ಕುರ್ಚಿಯಲ್ಲಿ ಕೂತು ಹೇಳುತ್ತೇನೆ. ತೋಟ ಚೆಂದವೇ. ಮಳೆಗಾಲದಲ್ಲಿ ಒಂದು ಮನೆಗೆ ಡೆಂಗಿ ಬಂದರೆ ಸಾಕು, ಎಲ್ಲರೂ ಬೆರಳು ತೋರಿಸುವುದು ತೋಟದ ಕಡೆಗೆ. ಪಾಲಿಕೆಯ ಕೀಟನಾಶಕ ವಿಭಾಗದವರು ಬಂದು ಕುಂಡದ ಕೆಳಗಿನ ತಟ್ಟೆಯಲ್ಲಿ ಲಾರ್ವಾ ತೋರಿಸಿದರೆ ನೋಟಿಸು ಬರುವುದು ಸೆಕ್ರೆಟರಿ ಹೆಸರಿಗೆ, ಹತ್ತನೇ ಕ್ಲಾಸಿನ ಹುಡುಗನ ಹೆಸರಿಗಲ್ಲ. ಇಲಿ ಬಂದರೂ ನಮ್ಮ ತಲೆಗೇ. ಕಾರು ಕೊಂಡವರು ಮೇಂಟೆನೆನ್ಸ್ ಕಟ್ಟುವವರೇ, ಅವರು ಜಾಗ ಕೇಳುವುದರಲ್ಲೂ ತಪ್ಪಿಲ್ಲ. ಜವಾಬ್ದಾರಿ ನಮ್ಮದು, ಅಧಿಕಾರ ಹುಡುಗರದು ಎಂದರೆ ಯಾವ ಸೆಕ್ರೆಟರಿ ಸಹಿ ಹಾಕುತ್ತಾನೆ?

ಡೊಂಬಿವಲಿ ತೋಟದವಳು:

ಸೊಳ್ಳೆಯ ಮಾತು ನೂರಕ್ಕೆ ನೂರು ಸರಿ, ಆದರೆ ಅದಕ್ಕೆ ದಾರಿ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಸುಮಾರು ಎಂಟು ಹತ್ತು ದಿನ ತೆಗೆದುಕೊಳ್ಳುತ್ತದೆ. ವಾರಕ್ಕೊಮ್ಮೆ ನಿಂತ ನೀರೆಲ್ಲ ಚೆಲ್ಲಿ, ತಟ್ಟೆ ಡ್ರಮ್ಮುಗಳ ಒಳಗೋಡೆ ತಿಕ್ಕಿದರೆ ಅದು ಹಾರುವ ಹಂತಕ್ಕೇ ಬರುವುದಿಲ್ಲ. ತಿಕ್ಕಲೇಬೇಕು, ಮೊಟ್ಟೆ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನಮ್ಮಲ್ಲಿ ಕುಂಡದ ಕೆಳಗಿನ ತಟ್ಟೆಗಳನ್ನು ಮಳೆಗಾಲದಲ್ಲಿ ತೆಗೆದೇ ಇಡುತ್ತೇವೆ. ನೀರಿನ ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಕಟ್ಟಿರುತ್ತೇವೆ. ಪಾಲಿಕೆಯವರು ಬಂದಾಗ ಅವರಿಗೆ ತೋಟ ಸುತ್ತಿಸುವುದು ಒಬ್ಬ ಕಾಲೇಜು ಹುಡುಗನ ಕೆಲಸ. ಎಸಿ ನೀರು ಇಳಿಯುವ ಬಕೆಟು, ಬಾಲ್ಕನಿಯ ಮನಿ ಪ್ಲಾಂಟು ಬಾಟಲಿಗಳಲ್ಲಿ ಸಿಗುವಷ್ಟು ಲಾರ್ವಾ ಮಣ್ಣಿನ ಮಡಿಯಲ್ಲಿ ಸಿಗಲು ಸಾಧ್ಯವೇ ಇಲ್ಲ.

ಮುಲುಂಡಿನ ಅಕ್ಕನಿಗೆ ನನ್ನ ಪ್ರಶ್ನೆ ಬೇರೆ. ಬೆಳೆದದ್ದನ್ನು ಹೇಗೆ ಹಂಚುತ್ತೀರಿ? ನಮ್ಮಲ್ಲಿ ಮನಸ್ತಾಪ ಹುಟ್ಟಿದ್ದು ಪಾರ್ಕಿಂಗಿಗಲ್ಲ, ಸೊಪ್ಪಿಗೆ. ಎಲ್ಲ ಮನೆಗೂ ಸಮ ಪಾಲು ಎಂದರೆ ಬೆಳಗ್ಗೆ ಎದ್ದು ಮಣ್ಣು ತಿರುವಿದವರಿಗೆ ಬೇಸರ. ದುಡಿದವರಿಗಷ್ಟೇ ಎಂದರೆ, ಜಾಗ ಎಲ್ಲರದಲ್ಲವೇ ಎಂದು ಉಳಿದವರು ಕೇಳುತ್ತಾರೆ. ಅವರು ಕೇಳುವುದೂ ನ್ಯಾಯವೇ.

ಮುಲುಂಡ್ ಹಿತ್ತಲು:

ಅಕ್ಕ, ನಮ್ಮಲ್ಲಿ ಹುಡುಗರು ಮಾಡಿದ ನಿಯಮವೇ ನಡೆಯುತ್ತಿದೆ. ಭಾನುವಾರ ಕೊಯ್ದದ್ದನ್ನು ಮೊದಲು ಆ ವಾರ ಕೆಲಸ ಮಾಡಿದವರು ಒಂದೊಂದು ಕಟ್ಟು ತೆಗೆದುಕೊಳ್ಳುತ್ತಾರೆ. ಉಳಿದದ್ದು ಕೆಳಗೆ ವಾಚ್‌ಮನ್ ಮೇಜಿನ ಪಕ್ಕ ಬುಟ್ಟಿಯಲ್ಲಿ ಇರುತ್ತದೆ. ಬೇಕಾದವರು ಒಯ್ದು ಮನಸ್ಸಿಗೆ ತೋಚಿದ್ದನ್ನು ಡಬ್ಬಿಗೆ ಹಾಕಬಹುದು, ಹಾಕದೆಯೂ ಒಯ್ಯಬಹುದು. ಎಂಬತ್ತು ದಾಟಿದ ಇಬ್ಬರು ಅಜ್ಜಿಯರ ಮನೆಗೆ ಮಾತ್ರ ಹುಡುಗರೇ ಹೋಗಿ ಕೊಡುತ್ತಾರೆ. ಬೆಂಡೆ ಬದನೆಗಿಂತ ಸೊಪ್ಪು ಜಾಸ್ತಿ ಹಾಕಿ ಎಂದು ನನ್ನ ಸಲಹೆ. ಹರಿವೆ ಬಿತ್ತಿದ 25-30 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಬುಡದಲ್ಲಿ ಎರಡು ಗಂಟು ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಎಲ್ಲರ ಕೈಗೂ ಏನಾದರೂ ಬರುವಷ್ಟು ಬೆಳೆಯುವುದು ಸೊಪ್ಪೇ. ಎಂಟು ಬದನೆಕಾಯಿಯನ್ನು ನಲವತ್ತು ಮನೆಗೆ ಹಂಚುವುದು ಯಾರಿಂದಲೂ ಆಗದು.

ಹನ್ನೊಂದನೇ ಕ್ಲಾಸು:

ನಾನು ಇದೇ ಸೊಸೈಟಿಯ ಹುಡುಗಿ, ಕೀಲಿಕೈ ಇಟ್ಟುಕೊಳ್ಳುವವರಲ್ಲಿ ಒಬ್ಬಳು. ನನ್ನ ಕನ್ನಡ ಬರವಣಿಗೆಯನ್ನು ಅಮ್ಮ ತಿದ್ದಿಕೊಟ್ಟಿದ್ದಾರೆ.

ಭಾಂಡುಪಿನ ಅಂಕಲ್ ಜವಾಬ್ದಾರಿ ಬಗ್ಗೆ ಬರೆದಿದ್ದೀರಿ. ನಾವು ಏನು ಮಾಡುತ್ತೇವೆ ಎಂದು ಹೇಳುತ್ತೇನೆ. ಮಳೆ ಶುರುವಾದ ಮೇಲೆ ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಕೆಳಗೆ ಇಳಿಯುತ್ತೇವೆ. ಮೊಬೈಲ್ ಟಾರ್ಚ್ ಹಿಡಿದರೆ ಬಸಳೆ ಎಲೆಯ ಅಡಿಯಲ್ಲಿ, ಗೋಡೆಯ ಪಾಚಿಯ ಮೇಲೆ ಬಸವನಹುಳುಗಳು ಕಾಣುತ್ತವೆ. ಮುಷ್ಟಿಯಷ್ಟು ದೊಡ್ಡ ಆಫ್ರಿಕನ್ ಜಾತಿ. ಹಗಲು ಒಂದೂ ಕಾಣುವುದಿಲ್ಲ, ಬೆಳಗ್ಗೆ ಎದ್ದರೆ ಮೂಲಂಗಿಯ ಎಳೆ ಸಸಿ ಪೂರಾ ಹೋಗಿರುತ್ತದೆ. ಅವುಗಳ ಲೋಳೆಯಲ್ಲಿ ಮೆದುಳಿಗೆ ಏರುವ ಜಂತುಹುಳದ ಮರಿ ಇರಬಹುದು, ಅದಕ್ಕೇ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಗ್ಲವ್ಸ್ ಹಾಕಿ ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟಿಗೆ ಹಾಕುತ್ತೇವೆ. ಆ ಉಪ್ಪುನೀರನ್ನು ಮಣ್ಣಿಗೆ ಚೆಲ್ಲುವುದಿಲ್ಲ. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ ಎಂದು ಬುಟ್ಟಿಯ ಮೇಲೆ ಕನ್ನಡ, ಮರಾಠಿ, ಗುಜರಾತಿ, ಹಿಂದಿಯಲ್ಲಿ ಚೀಟಿ ಅಂಟಿಸಿದ್ದೇವೆ. ಇದನ್ನು ನಮಗೆ ಯಾರೂ ಮಾಡಿ ಎಂದು ಹೇಳಿಲ್ಲ. ನಾವು ಬಿತ್ತಿದ್ದು ಹಾಳಾಗುತ್ತಿತ್ತು, ಓದಿ ತಿಳಿದುಕೊಂಡು ಮಾಡಿದೆವು.

ದುಡ್ಡಿನ ವಿಷಯ. 10 ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬೀಜ, ಗ್ಲವ್ಸ್, ಒಂದು ಪೈಪಿನ ಲೆಕ್ಕ ಇಡಲು ನಮಗೆ ಆಗುವುದಿಲ್ಲವೇ? ಡಬ್ಬಿಯ ದುಡ್ಡು ಎಷ್ಟು ಬಂತು, ಎಲ್ಲಿ ಹೋಯಿತು ಎಂದು ತಿಂಗಳ ಕೊನೆಗೆ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ತೋಟದಿಂದಾಗಿ ನನಗೆ ಸಿ ವಿಂಗಿನವರೆಲ್ಲ ಗೊತ್ತು. ಮೊದಲು ನಮ್ಮ ಮಹಡಿಯವರೇ ಗೊತ್ತಿರಲಿಲ್ಲ.

ಒಂದು ವಿನಂತಿ: ನಮ್ಮ ಪರೀಕ್ಷೆ ನೋಡಿ ಕೆಲಸ ಹಂಚಿ. ಬೋರ್ಡ್ ಪರೀಕ್ಷೆ ಫೆಬ್ರವರಿ, ಮಾರ್ಚಿಗೆ ಬರುತ್ತದೆ. ಆ ವರ್ಷ ಹತ್ತು, ಹನ್ನೆರಡರಲ್ಲಿ ಇರುವವರನ್ನು ದೀಪಾವಳಿಯ ನಂತರ ಕರೆಯಬಾರದು. ಕೆಳಗಿನ ಕ್ಲಾಸಿನವರಿಗೆ ಅಷ್ಟರೊಳಗೆ ಕಲಿಸಿಟ್ಟಿರುತ್ತೇವೆ.

ರಾತ್ರಿ ಶಾಲೆಯ ಹಳಬ:

ಮಗಳೇ, ಚೆನ್ನಾಗಿ ಬರೆದಿದ್ದಿ. ನಾನು ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು ಹೋಟೆಲು ಸೇರಿದವ. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ರಾತ್ರಿ ಶಾಲೆ. ಅಲ್ಲಿ ಮಾಸ್ತರರು ಪಾಠ ಹೇಳುತ್ತಿದ್ದರು, ಅಷ್ಟೇ. ವಾರ್ಷಿಕೋತ್ಸವದ ನಾಟಕ, ಆಟೋಟ, ಕೈಬರಹದ ಪತ್ರಿಕೆ, ಚಂದಾ ಎತ್ತುವುದು, ಅದರ ಲೆಕ್ಕ, ಎಲ್ಲ ನಮ್ಮ ಕೈಯಲ್ಲೇ. ಹದಿನಾರು ಹದಿನೇಳರ ಹುಡುಗರು ಹಾಲ್ ಬುಕ್ ಮಾಡಿ ಮುಂಗಡ ಕಟ್ಟಿ ಬರುತ್ತಿದ್ದೆವು. ಇವತ್ತು ಮುಂಬಯಿಯ ಎಷ್ಟೋ ಸಂಘಗಳನ್ನು ಎತ್ತಿ ನಿಲ್ಲಿಸಿದವರು ಆ ಶಾಲೆಗಳಿಂದ ಬಂದವರು. ಆಗ ನಮ್ಮನ್ನು ಚಿಕ್ಕವರೆಂದು ದೂರ ಇಟ್ಟಿದ್ದರೆ ಆ ಸಂಘಗಳು ಎಲ್ಲಿರುತ್ತಿದ್ದವು? ಹಾಗಾಗಿ ಕಮಿಟಿಯವರ ಹತ್ತಿರ ನನ್ನದು ಕೈಮುಗಿದ ಪ್ರಾರ್ಥನೆ, ಕೀಲಿಕೈ ಕೊಡಿ.

ಗೊಬ್ಬರದ್ದು ನಾನು ಹೇಳಬಲ್ಲೆ. ಹೋಟೆಲಿನ ಹಿಂಬಾಗಿಲಿನಲ್ಲಿ ದಿನಾ ಬೀಳುವ ಬಾಳೆ ಎಲೆ, ಕೋಸಿನ ಹೊರ ಎಲೆ, ಕೊತ್ತಂಬರಿ ದಂಟು, ಕಾಫಿ ಚರಟ, ತೆಂಗಿನ ನಾರು ಇವೆಲ್ಲ ಚಿನ್ನ. ಸಾಂಬಾರು, ಎಣ್ಣೆ ಪದಾರ್ಥ ಮಾತ್ರ ಬೇಡ. ಉಪ್ಪು ಎಣ್ಣೆ ಗಿಡಕ್ಕೂ ಆಗದು, ಇಲಿಯನ್ನೂ ಕರೆಯುತ್ತದೆ. ದಿನಕ್ಕೆ 100 ಕೆಜಿ ದಾಟಿ ಕಸ ಹುಟ್ಟುವ ದೊಡ್ಡ ಸೊಸೈಟಿ, ಹೋಟೆಲುಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕೆಂದು ಪಾಲಿಕೆ 2017ರಿಂದ ಹೇಳುತ್ತಿದೆ. 2016ರ ಜನವರಿಯಲ್ಲಿ ದೇವನಾರ್ ಕಸದ ಗುಡ್ಡ ಹೊತ್ತಿ ಉರಿದದ್ದು ನೆನಪಿದೆಯಲ್ಲ? ಚೆಂಬೂರು, ಗೋವಂಡಿಯವರು ದಿನಗಟ್ಟಲೆ ಹೊಗೆ ಕುಡಿದರು. 1927ರಿಂದ ಊರಿನ ಎಂಜಲು ಅಲ್ಲಿಗೆ ಬೀಳುತ್ತ ಬಂದಿತ್ತು. ನಿಮ್ಮ ಹಿತ್ತಲಲ್ಲಿ ಕಳಿಯುವ ಒಂದೊಂದು ಬುಟ್ಟಿಯೂ ಅಂಥ ಕಸದ ಗುಡ್ಡಕ್ಕೆ ಹೋಗದ ಬುಟ್ಟಿ.

ಪುಣೆ ಕಲಬುರಗಿ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಕಲಬುರಗಿ ಕಡೀಂವ, ಪುಣೆದಾಗ ಭಾಳ ವರ್ಷದಿಂದ ಇದ್ದೀನಿ. ಎಲ್ಲಾ ಓದಿದೆ, ಛಲೋ ಅದ. ಆದ್ರ ನೆರಿ ಮನಿಯವ್ರು ಅಂದ್ರ ಬರೇ ಫ್ಲ್ಯಾಟಿನವ್ರೇನ್ರಿ? ನಿಮ್ಮ ಬಾಜೂಕ ಕಟ್ಟಡ ಕಟ್ಟಾಕ ಬಂದ ನಮ್ಮ ಮಂದಿ ಪತ್ರಾ ಶೆಡ್ಡಿನ್ಯಾಗ ಇರ್ತಾರ. ಯಾದಗಿರಿ, ರಾಯಚೂರು, ವಿಜಯಪುರದವ್ರು. ಹೊಲಾ ಬಿಟ್ಟು ಬಂದವ್ರು. ಆ ಹೆಣ್ಮಕ್ಕಳಿಗೆ ಮಣ್ಣು ಕೈಯಾಗ ಹಿಡಿದ್ರ ಸಾಕು, ಹಸಿ ಎಷ್ಟು ಅದ, ಬಿತ್ತಾಕ ಬರ್ತದೋ ಇಲ್ಲೋ ಗೊತ್ತಾಗ್ತದ. ನಮ್ಮ ಸೊಸೈಟ್ಯಾಗ ಮನಿಗೆಲಸಕ್ಕ ಬರೋ ಒಬ್ಬ ಅವ್ವಗ ಒಂದು ಮಡಿ ಬಿಟ್ಟುಕೊಟ್ಟೀವಿ. ಆಕಿ ಪುಂಡಿಪಲ್ಯ, ಹಕ್ಕರಕಿ, ಮೆಂತೆ ಬೆಳಿತಾಳ. ಐಟಿದಾಗ ಇರೋ ಹುಡುಗ್ರು ಆಕಿ ಹಂತ್ಯಾಕ ಕುಂತು ಕಲಿತಾರ. ಪುಂಡಿಗೆ ನಿಮ್ಮ ಮುಂಬೈ ಮಳಿನೂ ಏನೂ ಮಾಡಂಗಿಲ್ಲ, ನೀರು ಹರಕೊಂಡು ಹೋಗೂವಂಗ ಏರಿ ಎತ್ತರ ಮಾಡ್ರಿ ಸಾಕು. ನಿಮ್ಮ ವಾಚ್‌ಮನ್ನನ ಮಕ್ಕಳು, ಕೆಲಸದವ್ರ ಮಕ್ಕಳು ಆ ಕೀಲಿ ಹಿಡಿಯೋ ಹುಡುಗ್ರೊಳಗ ಅದಾರೇನು? ಇಲ್ಲಂದ್ರ ಠರಾವು ಬರಿಯೋ ಮುಂಚೆ ಅವ್ರನ್ನ ಸೇರಿಸ್ರಿ.

ಮುಲುಂಡ್ ಹಿತ್ತಲು:

ಕಲಬುರಗಿ ಅಣ್ಣಾವ್ರೇ, ಇದು ಬಹಳ ದೊಡ್ಡ ಮಾತು. ವಾಚ್‌ಮನ್ ಮಗ ನಮ್ಮ ಜತೆ ಇದ್ದಾನೆ, ಹಾರೆ ಹಿಡಿಯುವುದರಲ್ಲಿ ಅವನೇ ಎಲ್ಲರಿಗಿಂತ ಮುಂದು. ಆದರೆ ಹೆಸರು ಪಟ್ಟಿಯಲ್ಲಿ ಫ್ಲ್ಯಾಟ್ ನಂಬರ್ ಇರುವವರಷ್ಟೇ ಇದ್ದಾರೆ. ಠರಾವಿನಲ್ಲಿ "ಸದಸ್ಯರ ಮಕ್ಕಳು" ಎಂಬುದರ ಜಾಗದಲ್ಲಿ "ಆವರಣದಲ್ಲಿ ವಾಸಿಸುವ ಮತ್ತು ಕೆಲಸ ಮಾಡುವ ಕುಟುಂಬಗಳ ಮಕ್ಕಳು" ಎಂದು ಬರೆಯುತ್ತೇನೆ.

ನೇರೂಳಿನಿಂದ:

ಮೇ ತಿಂಗಳಲ್ಲಿ ಏನು ಮಾಡುತ್ತೀರಿ? ನಮ್ಮ ತೋಟ ಸತ್ತದ್ದು ಅಲ್ಲಿ. ನಾವು ಊರಿಗೆ, ಮರಾಠಿಯವರು ಕೊಂಕಣಕ್ಕೆ, ಉತ್ತರದವರು ಅವರ ಗಾಂವಿಗೆ. ಕೊಂಕಣ ರೈಲಿನಲ್ಲಿ ಟಿಕೆಟ್ ಸಿಕ್ಕಿದ ಮೇಲೆ ಗಿಡಕ್ಕೆ ನೀರು ಹಾಕಲು ಯಾರು ನಿಲ್ಲುತ್ತಾರೆ? ಜೂನಿಗೆ ಬಂದು ನೋಡಿದರೆ ಕಡ್ಡಿ.

ಡೊಂಬಿವಲಿ ತೋಟದವಳು:

ಮೇಯಲ್ಲಿ ನೆಲಕ್ಕೂ ರಜೆ ಕೊಡಿ. ಏಪ್ರಿಲ್ ಕೊನೆಗೆ ಕೊಯ್ಲು ಮುಗಿಸಿ ಮಡಿಯ ಮೇಲೆ ಗೇಣು ದಪ್ಪ ತರಗೆಲೆ ಹೊದಿಸಿಬಿಡಿ. ಎಲೆ ಉದುರುವ ಫೆಬ್ರವರಿ, ಮಾರ್ಚಿನಲ್ಲಿ ಬಾದಾಮಿ, ರೈನ್ ಟ್ರೀ ಎಲೆ ಮೂಟೆಗಟ್ಟಲೆ ಸಿಗುತ್ತದೆ. ಗುಡಿಸುವವರು ಬೆಂಕಿ ಹಚ್ಚುವ ಮೊದಲೇ ತಂದಿಟ್ಟುಕೊಳ್ಳಬೇಕು. ಮೊದಲ ಮಳೆ ಬಿದ್ದೊಡನೆ ಕೆಳಗಿನ ಮಣ್ಣು ಮೆತ್ತಗಾಗಿರುತ್ತದೆ, ಶಾಲೆ ತೆರೆಯುವ ಹೊತ್ತಿಗೆ ಬಿತ್ತಬಹುದು. ಬಸಳೆ, ಒಂದೆಲಗದ ಎರಡು ಕುಂಡ ಮಾತ್ರ ವಾಚ್‌ಮನ್ ಕ್ಯಾಬಿನ್ ಹತ್ತಿರ ಇಡಿ. ತಳಿ ಉಳಿಯಲು ಅಷ್ಟು ಸಾಕು.

ಮಣ್ಣು ಮಾಡಲು ಶ್ರೀಪಾದ ದಾಭೋಳ್ಕರ್ ಅವರ ದಾರಿ ಹಿಡಿಯಿರಿ. ಕೊಲ್ಹಾಪುರದಲ್ಲಿ ಗಣಿತದ ಅಧ್ಯಾಪಕರಾಗಿದ್ದವರು ಅವರು, ಪ್ರಯೋಗ ಪರಿವಾರ ಕಟ್ಟಿ ರೈತರೇ ತಮ್ಮ ಹೊಲದಲ್ಲಿ ಪ್ರಯೋಗ ಮಾಡಿ ಒಬ್ಬರಿಗೊಬ್ಬರು ಹೇಳಿಕೊಡುವಂತೆ ಮಾಡಿದರು. ಅವರ ಪರಂಪರೆಯವರು ಮಾಡುವ ಅಮೃತಜಲ ಹೀಗೆ: 10 ಲೀಟರ್ ನೀರಿಗೆ 1 ಕೆಜಿ ಹಸಿ ಸೆಗಣಿ, 1 ಲೀಟರ್ ಗೋಮೂತ್ರ, 50 ಗ್ರಾಂ ಕಪ್ಪು ಬೆಲ್ಲ. ಮೂರು ದಿನ ದಿನಕ್ಕೆ ಎರಡು ಮೂರು ಸಲ ಕಲಕಿ, ನಾಲ್ಕನೇ ದಿನ ಹತ್ತು ಪಾಲು ನೀರು ಬೆರೆಸಿ ಅದರಲ್ಲಿ ತರಗೆಲೆ ನೆನೆಸಿ ಒಟ್ಟುವುದು. ನಡುನಡುವೆ ಒಂದು ತೆಳು ಪದರ ಮಣ್ಣು. ಸೆಗಣಿ ಎಮ್ಮೆ ಕಟ್ಟುವ ತಬೇಲದಲ್ಲಿ ಸಿಗುತ್ತದೆ. ಚಳಿಗಾಲದ ಬೆಳಗ್ಗೆ ಆ ರಾಶಿ ತಿರುವಿದರೆ ಒಳಗಿನಿಂದ ಹಬೆ ಏಳುತ್ತದೆ, ಕೈ ಇಟ್ಟರೆ ಸುಡುವಷ್ಟು ಬಿಸಿ. ಅದನ್ನು ಒಮ್ಮೆ ಮುಟ್ಟಿ ನೋಡಿದ ಮಕ್ಕಳು ಮುಂದಿನ ವಾರ ಥರ್ಮಾಮೀಟರ್ ತಂದರು.

ಕಮಿಟಿ ಮನುಷ್ಯ, ಭಾಂಡುಪ್:

ಹನ್ನೊಂದನೇ ಕ್ಲಾಸಿನ ಮಗಳು ಬರೆದದ್ದನ್ನು ಎರಡು ಸಲ ಓದಿದೆ. ಲೆಕ್ಕವನ್ನು ಬೋರ್ಡಿನಲ್ಲಿ ಹಾಕುತ್ತಾರೆ ಎನ್ನುವುದು ನನಗೆ ಹಿಡಿಸಿತು. ಸೆಕ್ರೆಟರಿಯ ಚಿಂತೆ ಹೇಗೆ ಬಗೆಹರಿಯುತ್ತದೆಂದರೆ, ತೋಟಕ್ಕೆ ಉಪಸಮಿತಿ ಮಾಡಿ. ಇಬ್ಬರು ದೊಡ್ಡ ಸದಸ್ಯರ ಹೆಸರು ಕಾಗದದಲ್ಲಿ ಇರಲಿ, ಪಾಲಿಕೆಗೆ ಉತ್ತರ ಕೊಡುವವರು ಅವರು. ಒಳಗಿನ ತೀರ್ಮಾನ ಹುಡುಗರದೇ ಇರಲಿ. ಒಂದು ವರ್ಷಕ್ಕೆ ಕೊಡಿ, ಮುಂದಿನ ಮಹಾಸಭೆಯಲ್ಲಿ ಹುಡುಗರೇ ವರದಿ ಓದಲಿ. ಪಾರ್ಕಿಂಗಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಕಾರಿನವರಿಗೂ ಏನಾದರೂ ಹೇಳಬೇಕಾಗುತ್ತದೆ.

ಥಾಣೆ ಸಿವಿಲ್:

ಕಾರಿನವರಿಗೆ ಹೇಳಲು ಒಂದು ಮಾತಿದೆ. ಪೇವರ್ ಹಾಕಿದ ಜಾಗದಲ್ಲಿ ಮಳೆನೀರು ಇಂಗುವುದು ತೀರಾ ಕಡಿಮೆ, ಅದು ಹರಿದು ಬರುವುದು ತಗ್ಗಿನ ಕಡೆಗೆ. ನಿಮ್ಮ ಪಂಪ್ ರೂಮ್, ಮೀಟರ್ ರೂಮ್ ಆ ಬದಿಗಿದ್ದರೆ ಜುಲೈಯಲ್ಲಿ ಗೊತ್ತಾಗುತ್ತದೆ. ಇಳಿಜಾರು ಯಾವ ಕಡೆಗಿದೆ ಎಂದು ಅಳೆದು ಸಭೆಯ ಮುಂದಿಡಿ. ಬೇಕಾದರೆ ನಾನು ಬಂದು ಲೆವೆಲ್ ನೋಡಿಕೊಡುತ್ತೇನೆ, ಫೀಸೇನೂ ಬೇಡ.

ಮುಲುಂಡ್ ಹಿತ್ತಲು:

ಬನ್ನಿ ಅಣ್ಣ, ಭಾನುವಾರ ಬೆಳಗ್ಗೆ ಏಳೂವರೆಗೆ ಎಲ್ಲರೂ ಕೆಳಗೇ ಇರುತ್ತೇವೆ. ಮೀಟರ್ ರೂಮ್ ಅದೇ ಬದಿಗಿದೆ, ಆದ್ದರಿಂದ ನಿಮ್ಮ ಅಳತೆ ನಿಜಕ್ಕೂ ಬೇಕು.

ಠರಾವಿನ ಕರಡು ಹೀಗೆ ಬರೆದಿದ್ದೇನೆ, ಕಾನೂನು ತಿಳಿದವರು ತಿದ್ದಿ: "ಬಿ ವಿಂಗಿನ ಹಿಂದಿನ ಜಾಗವನ್ನು ಸಾಮೂಹಿಕ ತೋಟವಾಗಿ ಒಂದು ವರ್ಷಕ್ಕೆ ಒಪ್ಪಲಾಗಿದೆ. ಇಬ್ಬರು ಸದಸ್ಯರು ಮತ್ತು ಆವರಣದಲ್ಲಿ ವಾಸಿಸುವ, ಕೆಲಸ ಮಾಡುವ ಕುಟುಂಬಗಳ ಐವರು ಮಕ್ಕಳ ಉಪಸಮಿತಿ ಇದನ್ನು ನಡೆಸುವುದು. ಬೆಳೆ, ಹಂಚಿಕೆ, ಖರ್ಚಿನ ತೀರ್ಮಾನ ಮಕ್ಕಳದು. ವಾರಕ್ಕೊಮ್ಮೆ ನಿಂತ ನೀರು ತಪಾಸಣೆ, ತಿಂಗಳಿಗೊಮ್ಮೆ ಲೆಕ್ಕ ಪ್ರಕಟಣೆ ಕಡ್ಡಾಯ. ಸಾಮಾನಿನ ಕೋಣೆಯ ಕೀಲಿಕೈ ಮಕ್ಕಳ ಬಳಿ ಇರುವುದು."

ಡೊಂಬಿವಲಿ ತೋಟದವಳು:

ಕಸದ ಮಾತೂ ಸೇರಿಸಿ: ಹಸಿ ಕಸ ತೋಟದಲ್ಲೇ ಗೊಬ್ಬರವಾಗುವುದು ಎಂದು. ಪಾಲಿಕೆಯವರ ಮುಂದೆ ಸೊಸೈಟಿಗೆ ಅದು ಬಲ. ಭಾನುವಾರ ನಾನೂ ಬರುತ್ತೇನೆ, ಕೆಂಪು ಬಸಳೆಯ ಬಳ್ಳಿ ನಿಮ್ಮಲ್ಲಿ ಇದೆಯೇ? ಇಲ್ಲದಿದ್ದರೆ ತರುತ್ತೇನೆ.

ಹನ್ನೊಂದನೇ ಕ್ಲಾಸು:

ಕೆಂಪು ಇಲ್ಲ ಆಂಟಿ, ಬಿಳಿಯದೇ ಇರುವುದು. ನಾಲ್ಕು ತುಂಡು ತನ್ನಿ. ಚಪ್ಪರದ ಕೊನೆಯ ಎರಡು ಗುಂಡಿ ಖಾಲಿ ಇಟ್ಟಿರುತ್ತೇವೆ.